ಅಂತರಿಕ್ಷಕ್ಕೆ ಹೋದವರು ಮನೆ ಮುಟ್ಟುವ ತನಕ ಗುಡಿಸದ ಕಣ

ವಿದೇಶಿ ಖಾಸಗಿ ಅಂತರಿಕ್ಷ ಪ್ರವಾಸ ಕಂಪನಿಯ ಘನತೆವೆತ್ತ ಅಧ್ಯಕ್ಷರಿಗೂ, ನಿರ್ದೇಶಕರಿಗೂ, ತಮ್ಮ ಬೆಂಗಳೂರು ಕಚೇರಿಯಲ್ಲಿ ಫೋನ್ ಎತ್ತುವುದಕ್ಕೆಂದೇ ನೇಮಕವಾಗಿ ಇದುವರೆಗೆ ಒಮ್ಮೆಯೂ ಎತ್ತದಿರುವ ಮಹನೀಯರಿಗೂ, ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಹದಿನಾಲ್ಕು ಎಕರೆ ಕಾಫಿ ತೋಟ ಇಟ್ಟುಕೊಂಡಿರುವ ಚನ್ನಕೇಶವನು ಕೈಮುಗಿದು, ತಲೆಬಾಗಿ, ಹಲ್ಲು ಕಚ್ಚಿ ಬರೆದುಕೊಳ್ಳುವ ಬಿನ್ನಹ.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ಟಿವಿ ನೋಡಿ ತಿಳಿದು ಪರಮ ಸಂತೋಷವಾಯಿತು. ಇತ್ತ ನಾವೂ ಕ್ಷೇಮವೆಂದು ಬರೆಯುವುದು ವಾಡಿಕೆಯಾದರೂ, ನನ್ನ ಕಾಫಿ ಕಣಕ್ಕೆ ಪೊರಕೆ ಬಿದ್ದು ಇಂದಿಗೆ ಹನ್ನೊಂದು ದಿನವಾಗಿರುವುದರಿಂದ ಹಾಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಇದಕ್ಕೆ ತಮ್ಮ ರಾಕೆಟ್ಟೇ ಕಾರಣವೆಂದರೆ ತಾವು ನಗಬಹುದು. ದಯವಿಟ್ಟು ಪೂರ್ತಿ ಓದಿ ಆಮೇಲೆ ನಗಬೇಕಾಗಿ ವಿನಂತಿ.

ತಮ್ಮ ನೌಕೆಯ ನಾಲ್ಕನೇ ಸೀಟಿಗೆ ಟಿಕೆಟ್ ಕೊಂಡ ಶ್ರೀ ಹರ್ಷವರ್ಧನ ಅವರು ಕನ್ನಡಿಗರೆಂಬ ಸುದ್ದಿ ಬಂದಂದಿನಿಂದ ನಮ್ಮ ಸೀಮೆಯಲ್ಲಿ ಯಾರಿಗೂ ಕೆಲಸದ ಮೇಲೆ ಗಮನವಿರಲಿಲ್ಲ. ಅವರ ತಾತ ಯಾವುದೋ ಕಾಲದಲ್ಲಿ ಮೆಣಸು ಕೊಳ್ಳಲು ಮೂಡಿಗೆರೆಗೆ ಬಂದಿದ್ದರಂತೆ. ಅಷ್ಟು ಸಾಕಾಯಿತು, ಮರುದಿನವೇ ಬಸ್‌ಸ್ಟ್ಯಾಂಡಿನಲ್ಲಿ ‘ಮೂಡಿಗೆರೆಯ ಮೊಮ್ಮಗನಿಗೆ ಶುಭಾಶಯ’ ಎಂಬ ಬ್ಯಾನರ್ ಎದ್ದಿತು, ಅದರಲ್ಲಿ ಮೊಮ್ಮಗನ ಫೋಟೋಕ್ಕಿಂತ ಶುಭಾಶಯ ಕೋರುವವರ ಫೋಟೋಗಳೇ ದೊಡ್ಡವಾಗಿದ್ದವು. ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ರಾಕೆಟ್ ದೋಸೆ ಶುರುವಾಯಿತು. ನಾನೂ ತಿಂದೆ, ಹಳೇ ದೋಸೆಯೇ, ಸುರುಳಿ ಸುತ್ತಿ ನಿಲ್ಲಿಸಿದ್ದರು. ಒಟ್ಟಿನಲ್ಲಿ, ಅವರವರ ದುಡ್ಡಿನಲ್ಲಿ ಅವರವರು ಮೇಲಕ್ಕೆ ಹೋಗಿಬರುವುದನ್ನು ಇಡೀ ಜಿಲ್ಲೆಯ ಹೆಮ್ಮೆಯನ್ನಾಗಿ ಮಾಡಿದ ತಮ್ಮ ಜಾಣ್ಮೆಗೆ ನನ್ನ ನಮನ.

ಈ ಸಡಗರದಲ್ಲಿ ನನ್ನ ಪಾಲೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಉಡಾವಣೆಯ ದಿನ ಸಂಜೆ ನಾಲ್ಕಕ್ಕೇ ಕೆಲಸ ಬಿಡಿಸಿ, ಮನೆಯ ಟಿವಿಯನ್ನು ಕಣದ ಕಡೆ ಮುಖ ಮಾಡಿ ಜಗಲಿಯಲ್ಲಿಟ್ಟು, ಆಳುಗಳಿಗೆಲ್ಲ ಉಪ್ಪಿಟ್ಟು ಕಾಫಿ ಕೊಟ್ಟು ಕೂರಿಸಿದವನು ನಾನೇ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಒಂದು ಚಂದದ ವಿಡಿಯೋ ಹಾಕುವ ಚಪಲಕ್ಕೆ ಬಿದ್ದು, ಇಪ್ಪತ್ತಾರು ವರ್ಷದಿಂದ ನಮ್ಮ ಕಣ ಗುಡಿಸುವ ಅಣ್ಣಮ್ಮನನ್ನು ಕರೆದು, ಟಿವಿಯೊಳಗಿನ ಹರ್ಷವರ್ಧನ ಅವರಿಗೆ ಆರತಿ ಎತ್ತಿಸಿದೆ. ಅವಳು ಎತ್ತಿ, ಕುಂಕುಮವನ್ನು ಗಾಜಿನ ಮೇಲೆಯೇ ಹಚ್ಚಿ, “ಹುಷಾರಾಗಿ ಹೋಗ್ಬಾ ಮಗಾ” ಎಂದಳು. ಅದೇ ಹೊತ್ತಿಗೆ ತಮ್ಮ ನಿರೂಪಕಿಯವರು, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಕೇಳಿದ್ದೂ, ಹರ್ಷವರ್ಧನ ಅವರು ನಗುತ್ತ, ಯಾರೂ ಇಲ್ಲ, ನಾನು ಫ್ರೀ ಬರ್ಡ್ ಎಂದದ್ದೂ ಆಯಿತು. ಅಣ್ಣಮ್ಮನ ಮುಖ ಸಣ್ಣಗಾಯಿತು. “ಅಯ್ಯೋ ದೇವ್ರೇ, ಯಾರೂ ಇಲ್ವಂತಾ?” ಎಂದು ಎರಡು ಸಲ ಕೇಳಿದಳು.

ಮರುದಿನ ಬೆಳಿಗ್ಗೆ ಕಣ ಗುಡಿಸಿರಲಿಲ್ಲ. ಕೇಳಿದರೆ ಬಂದ ಉತ್ತರ: “ಹೊರಟೋರ ಹಿಂದೆ ಪೊರಕೆ ಹಿಡೀಬಾರ್ದು ಅಯ್ಯಾ. ಆ ಮಗ ಆರತಿ ಮಾಡಿಸ್ಕೊಂಡು ಹೊರಟಿದ್ದು ಇದೇ ಕಣದಿಂದ. ಮುಟ್ಟಿದ ಸುದ್ದಿ ಬರ್ಲಿ, ಗುಡಿಸ್ತೀನಿ.”

ತಮ್ಮ ದೇಶದಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ತಿಳಿಯದು. ನಮ್ಮಲ್ಲಿ ಯಾರೇ ದೂರ ಹೊರಟರೂ ಅವರ ಬೆನ್ನಿಗೇ ಕಸ ಗುಡಿಸುವುದಿಲ್ಲ, ಹೋದವರನ್ನು ಗುಡಿಸಿ ಹಾಕಿದಂತಾಗುತ್ತದೆ ಎನ್ನುತ್ತಾರೆ. ಉಳಿದವರು ಒಂದು ಗಳಿಗೆ ಬಿಟ್ಟು ಗುಡಿಸಿಕೊಳ್ಳುತ್ತಾರೆ. ಅಣ್ಣಮ್ಮನ ಕಾನೂನು ಮಾತ್ರ ಸುಪ್ರೀಂ ಕೋರ್ಟಿನದು, ಮುಟ್ಟಿದೆ ಎಂಬ ಮಾತು ಕಿವಿಗೆ ಬೀಳಲೇಬೇಕು. ಟಿವಿಯಲ್ಲಿ ತೋರಿಸಿದರಲ್ಲ, ಮೇಲಿನ ನಿಲ್ದಾಣಕ್ಕೆ ತಲುಪಿದರಲ್ಲ ಎಂದು ನಾನು ವಾದಿಸಿದೆ. “ನಿಲ್ಲಕ್ಕೆ ನೆಲ ಇಲ್ದಿರೋ ಜಾಗನ ಊರು ಅಂತಾರಾ ಅಯ್ಯಾ?” ಎಂದಳು. ಬಿ.ಎಸ್‌ಸಿ. ಓದಿದ ನಾನು ಹೋಗಿ ಟಿವಿ ಆರಿಸಿದೆ.

ಮಾನ್ಯರೇ, ತಾವು ಕಾಫಿಯನ್ನು ಕಪ್ಪಿನಲ್ಲಿ ಮಾತ್ರ ಕಂಡವರಾದ್ದರಿಂದ ಒಂದು ಮಾತು ತಿಳಿಸಬೇಕು. ಇದು ಕೊಯ್ಲಿನ ಕಾಲ. ಹಣ್ಣನ್ನು ಪಲ್ಪರಿಗೆ ಹಾಕಿ, ಸಿಪ್ಪೆ ತೆಗೆದು, ತೊಳೆದ ಬೀಜಕ್ಕೆ ನಾವು ಪಾರ್ಚ್‌ಮೆಂಟ್ ಎನ್ನುತ್ತೇವೆ. ಅದನ್ನು ಅಂದಂದೇ ಗುಡಿಸಿದ ಸಿಮೆಂಟ್ ಕಣದಲ್ಲಿ ತೆಳ್ಳಗೆ ಹರವಿ ಒಣಗಿಸದಿದ್ದರೆ ಹುಳಿ ವಾಸನೆ ಹಿಡಿದು ವರ್ಷದ ಬೆಳೆ ಹಾಳಾಗುತ್ತದೆ. ಈಗ ನನ್ನ ಕಣದ ಮೇಲೆ ಸಿಲ್ವರ್ ಓಕಿನ ಎಲೆ ಪಾದ ಮುಚ್ಚುವಷ್ಟು ಬಿದ್ದಿದೆ. ಸಿಟ್ಟು ಬಂದು ನಾನೇ ಪೊರಕೆ ಹಿಡಿದೆ. ಅಣ್ಣಮ್ಮ ತಡೆಯಲಿಲ್ಲ, ಎದುರಿಗೆ ನಿಂತು, “ಗುಡ್ಸಿ ಅಯ್ಯಾ, ನಿಮ್ಮ ಕಣ, ನಿಮ್ಮ ಪೊರಕೆ. ಮೇಲೆ ಆ ಮಗೀಗೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ ಅಷ್ಟೇ” ಎಂದಳು. ಕೊಯ್ಲಿನ ಆಳುಗಳೆಲ್ಲ ನನ್ನನ್ನು ಕೊಲೆಗಾರನ ಹಾಗೆ ನೋಡಿದರು. ನನ್ನ ಹೆಂಡತಿ ಶಂಕರಮ್ಮ ಒಳಗಿನಿಂದ ಬಂದು ಪೊರಕೆ ಕಿತ್ತುಕೊಂಡಳು, ಮತ್ತು ಅಂದಿನಿಂದ ಮನೆಯನ್ನೂ ಗುಡಿಸುತ್ತಿಲ್ಲ.

ಪಕ್ಕದ ತೋಟದ ಮಲ್ಲಿಕಾರ್ಜುನಪ್ಪನವರು ಪುಣ್ಯಾತ್ಮರು, ತಮ್ಮ ಕಣದಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟರು. ನಾಲ್ಕು ದಿನ ಅಲ್ಲಿ ಹರವಿದೆವು. ಐದನೇ ದಿನ ಅವರ ಕಣದ ಬಸಮ್ಮನಿಗೆ ಸುದ್ದಿ ಮುಟ್ಟಿ, ಅವಳೂ ಪೊರಕೆಯನ್ನು ಅಟ್ಟಕ್ಕೆ ಹಾಕಿದಳು. ಈಗ ಮಲ್ಲಿಕಾರ್ಜುನಪ್ಪನವರು ದಾರಿಯಲ್ಲಿ ಸಿಕ್ಕರೆ ನನ್ನನ್ನು ಬಿಟ್ಟು ಆಕಾಶವನ್ನು ನೋಡುತ್ತಾರೆ. ಅಂತರಿಕ್ಷದ ಬಗ್ಗೆ ಜನಸಾಮಾನ್ಯರಲ್ಲಿ ಆಸಕ್ತಿ ಮೂಡಿಸುವ ತಮ್ಮ ಧ್ಯೇಯ ಈ ಮಟ್ಟಿಗೆ ಸಫಲವಾಗಿದೆ.

ನಾಲ್ಕು ದಿನದ ಪ್ರವಾಸವನ್ನು ತಾವು ಹವಾಮಾನದ ನೆಪದಲ್ಲಿ ಆರು ದಿನಕ್ಕೆ ಎಳೆದಿರಿ, ಅದನ್ನೂ ಸಹಿಸಿಕೊಂಡೆ. ಕೊನೆಗೆ ನೌಕೆ ಇಳಿಯಿತು, ಟಿವಿಯವರು ಕುಣಿದರು, ನಾನೂ ಕುಣಿದು, ಹೊಸ ಪೊರಕೆಯನ್ನೇ ಹಿಡಿದು ಅಣ್ಣಮ್ಮನ ಬಳಿಗೆ ಓಡಿದೆ. ಅವಳು ಪರದೆಯನ್ನೇ ನೋಡುತ್ತ, “ಸಮುದ್ರಕ್ಕೆ ಬಿದ್ರೆ ಮನೆ ಮುಟ್ಟಿದಂಗಾ?” ಎಂದಳು. ಅಂದಿನಿಂದ ಇಂದಿನ ತನಕ ಹರ್ಷವರ್ಧನ ಅವರು ಆಸ್ಪತ್ರೆಯಲ್ಲಿ ತಪಾಸಣೆಗೆ ಹೋದರು, ಪತ್ರಿಕಾಗೋಷ್ಠಿಗೆ ಹೋದರು, ಯಾರದೋ ವಾಚಿನ ಜಾಹೀರಾತಿಗೆ ಹೋದರು, ಮನೆಗೊಂದು ಹೋಗಲಿಲ್ಲ. ಅವರ ಎದೆಬಡಿತವನ್ನು ನಾವು ಕಳಸದಲ್ಲಿ ಕೂತು ಎಣಿಸಿದ್ದೇವೆ, ಚಮಚೆಯಿಂದ ಹಾರಿದ ಜೇನಿನ ಹನಿಯನ್ನು ಹನ್ನೊಂದು ಕ್ಯಾಮೆರಾಗಳಲ್ಲಿ ನೋಡಿದ್ದೇವೆ. ಅವರು ತಮ್ಮ ಮನೆಯ ಗೇಟು ತೆರೆದು ಒಳಗೆ ಹೋಗುವುದನ್ನು ತೋರಿಸಲು ಮಾತ್ರ ತಮ್ಮಲ್ಲಿ ಹನ್ನೆರಡನೇ ಕ್ಯಾಮೆರಾ ಇಲ್ಲ. ಸಿಗ್ನಲ್ಲಿಗೆ ಗುಡ್ಡ ಹತ್ತಿ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಚಂದ್ರನಿಗೆ ಮುಂಗಡ ಬುಕಿಂಗಿಗಾಗಿ ಒಂದನ್ನು ಒತ್ತಿ ಎಂದಿತು. ಹೋದವರು ಮನೆ ಮುಟ್ಟಿದರೇ ಎಂದು ಕೇಳಲು ಯಾವುದನ್ನು ಒತ್ತಬೇಕೋ ಅದು ಹೇಳಲಿಲ್ಲ.

ಇಷ್ಟಕ್ಕೇ ನಾನು ಒಂದು ಕೆಟ್ಟ ಕೆಲಸಕ್ಕೆ ಇಳಿಯುವವನಿದ್ದೆ. ಮೊನ್ನೆ ಶಂಕರಮ್ಮನ ಹತ್ತಿರ, ಈ ಮುದುಕಿಯನ್ನು ಬಿಡಿಸಿ ಬೇರೆಯವರನ್ನು ಹಾಕುತ್ತೇನೆ ಎಂದೆ. ಶಂಕರಮ್ಮ ಆಗ ಹೇಳಿದಳು: ಅಣ್ಣಮ್ಮನ ಮಗ ಉಮೇಶ ಪಿಕಪ್ ತಗೊಂಡು ಚಾರ್ಮಾಡಿ ಘಾಟಿ ಇಳಿಯುವ ದಿನಗಳಲ್ಲಿ, ಅವನು ಉಜಿರೆಯಿಂದ “ಅವ್ವಾ, ಮುಟ್ದೆ” ಎಂದ ಮೇಲೆಯೇ ಕಣಕ್ಕೆ ಪೊರಕೆ ಬೀಳುವುದಂತೆ. ಅದಿರಲಿ. ಎರಡು ವರ್ಷದ ಹಿಂದೆ ನನ್ನ ಎದೆಗೆ ಸ್ಟೆಂಟ್ ಹಾಕಿಸಲು ಮಂಗಳೂರಿಗೆ ಒಯ್ದಿದ್ದರು. ಆರನೇ ದಿನ ವಾಪಸು ಬಂದಾಗ ಮೆಣಸು ಒಣಗಿಸಿದ್ದ ಕಣದ ತುಂಬ ಕಸ ಕಂಡು, ಯಜಮಾನ ಇಲ್ಲದಿದ್ದರೆ ನಿಮಗೆಲ್ಲ ಕೊಬ್ಬು ಎಂದು ಎಲ್ಲರೆದುರು ಅಣ್ಣಮ್ಮನ ಮೇಲೆ ರೇಗಿದ್ದೆ. ಅವರು, ನಾನು ಮೆಟ್ಟಿಲು ಹತ್ತಿ ಒಳಗೆ ಹೋಗುವುದನ್ನು ನೋಡಿಕೊಂಡು, ಪೊರಕೆ ತೆಗೆದುಕೊಂಡು ಗುಡಿಸಿದ್ದರು. ಮಾನ್ಯರೇ, ಇದನ್ನು ಕೇಳಿ ನನಗೆ ತುಂಬ ನಾಚಿಕೆಯಾಯಿತು. ಆ ಆರು ದಿನ ಡಾಕ್ಟರು, ನರ್ಸು, ಯಂತ್ರ ಎಲ್ಲ ನನ್ನನ್ನು ಕಾದಿದ್ದವೆಂದುಕೊಂಡಿದ್ದೆ. ಅಣ್ಣಮ್ಮನವರೂ ಕಾದಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಬಹಳ ಸಣ್ಣದು. ಹರ್ಷವರ್ಧನ ಅವರನ್ನು ಹೇಗಾದರೂ ಮಾಡಿ ಅವರ ಮನೆಗೆ ಕಳಿಸಿ, ಕೈಕಾಲು ತೊಳೆಸಿ, ಒಂದು ಲೋಟ ನೀರು ಕುಡಿಸಿ, ನಮ್ಮ ಮನೆಯ ಫೋನಿಗೆ ಮುಟ್ಟಿದೆ ಎಂಬ ಒಂದೇ ಒಂದು ಮಾತು ಹೇಳಿಸಿ. ಅದು ತಮ್ಮ ತಂತ್ರಜ್ಞಾನಕ್ಕೆ ಮೀರಿದ್ದಾದರೆ ಅವರನ್ನು ನೇರವಾಗಿ ನಮ್ಮ ಕಣಕ್ಕೇ ಇಳಿಸಿ, ಎಲೆ ದಪ್ಪಗೆ ಬಿದ್ದಿರುವುದರಿಂದ ಪೆಟ್ಟಾಗಲಾರದು. ಮುಂದೆ ಯಾರನ್ನೇ ಮೇಲಕ್ಕೆ ಕಳಿಸುವುದಿದ್ದರೂ ಆಷಾಢದಲ್ಲಿ ಕಳಿಸಿ, ಆಗ ಮಳೆಗೆ ಕಣ ಖಾಲಿ ಬಿದ್ದಿರುತ್ತದೆ, ಎಷ್ಟು ದಿನ ಬೇಕಾದರೂ ಸುತ್ತಲಿ. ಹಾಗೆಯೇ ತಮ್ಮ ಟಿಕೆಟ್ ಅರ್ಜಿಯಲ್ಲಿ ತೂಕ, ಎತ್ತರ, ರಕ್ತದೊತ್ತಡಗಳ ಜೊತೆಗೆ, ಮನೆಯಲ್ಲಿ ಯಾರು ಕಾಯುತ್ತಾರೆ ಎಂಬ ಕಾಲಮ್ಮನ್ನೂ ಸೇರಿಸಿ, ಅದನ್ನು ಖಾಲಿ ಬಿಟ್ಟವರಿಗೆ ಸೀಟು ಕೊಡಬೇಡಿ.

ಇಂತು, ಹುಳಿ ವಾಸನೆಯ ನಡುವೆಯೂ ತಮ್ಮ ಏಳಿಗೆಯನ್ನೇ ಬಯಸುವ,

ತಮ್ಮ ವಿಶ್ವಾಸಿ,
ಚನ್ನಕೇಶವ

ತಾಜಾ ಕಲಂ: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ, ಹರ್ಷವರ್ಧನ ಅವರು ಮನೆಗೆ ಹೋಗದೆ ಹೋಟೆಲಿನಿಂದಲೇ ತಮ್ಮ ಚಂದ್ರಯಾತ್ರೆಗೆ ಹೆಸರು ಬರೆಸಿದರೆಂದು ಟಿವಿಯಲ್ಲಿ ಬಂತು. ತಮ್ಮ ವ್ಯಾಪಾರಕ್ಕೆ ಅಭಿನಂದನೆಗಳು. ಅಣ್ಣಮ್ಮನವರು ಸುದ್ದಿ ಕೇಳಿ, “ಕಾಯೋರು ಇಲ್ದಿದ್ರೆ ಆ ಮಗ ಯಾಕಾದ್ರೂ ಮನೀಗ್ ಬರ್ತಾನೆ?” ಎಂದವರೇ, ಎರಡು ಸೀರೆ ಚೀಲಕ್ಕೆ ತುರುಕಿ, ನಾನು ಎಷ್ಟು ಬೇಡವೆಂದರೂ ಕೇಳದೆ, ಆ ಮಗನ ಮನೆಯಲ್ಲಿ ದೀಪ ಹಚ್ಚಿ ಕೂರುತ್ತೇನೆಂದು ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ವಿಳಾಸ ಗೊತ್ತಿಲ್ಲ, ತಮ್ಮ ಕಚೇರಿಗೇ ಬರುತ್ತಾರೆ. ಬಾಗಿಲಲ್ಲಿ ನಿಲ್ಲಿಸಿ ಅಪಾಯಿಂಟ್‌ಮೆಂಟ್ ಕೇಳಬೇಡಿ. ಹೊರಡುವಾಗ, ಇನ್ನು ನೀವು ಗುಡಿಸಿಕೊಳ್ಳಿ ಅಯ್ಯಾ ಎಂದು ಅಪ್ಪಣೆ ಕೊಟ್ಟೇ ಹೋದರು. ಬೇರೆ ಹೆಂಗಸೊಬ್ಬರು ಆಗಲೇ ಪೊರಕೆ ಹಿಡಿದು ಬಂದಿದ್ದರು, ನಾನು ಬೈದು ಕಳಿಸಿದೆ. ಅಣ್ಣಮ್ಮನವರು ಫೋನ್ ಮಾಡಿ ಮುಟ್ಟಿದೆ ಎನ್ನಲಿ, ಆಮೇಲೆ ನೋಡೋಣ.