ಮೃತ್ಯುಂಜಯನ ಡೆಮೊ ಪಾಠ

ಹೇಳಿದ್ದಕ್ಕಿಂತ ಒಂದೂವರೆ ಗಂಟೆ ಮೊದಲೇ ಹೋದದ್ದು ಮೃತ್ಯುಂಜಯ ಮಾಡಿದ ತಪ್ಪು. ಆ ತಪ್ಪೂ ಪೂರ್ತಿ ಅವನದಲ್ಲ, ಪಕ್ಕದ ಮನೆಯ ಅಡಿವೆಪ್ಪನವರದು.

ಅಡಿವೆಪ್ಪನವರು ಗದಗಿನ ಕಡೆಯ ನಿವೃತ್ತ ಹೆಡ್‌ಮಾಸ್ತರರು. ನ್ಯೂಜೆರ್ಸಿಯ ಪಿಸ್ಕಾಟವೇ ಊರಿನಲ್ಲಿ ಮಗಳ ಮನೆಯಲ್ಲಿದ್ದುಕೊಂಡು, ಮೂವತ್ತಾರು ವರ್ಷ ಮಕ್ಕಳಿಗೆ ಕೊಟ್ಟ ಕಾಟವನ್ನು ಈಗ ಅಕ್ಕಪಕ್ಕದವರಿಗೆ ಕೊಡುತ್ತಿದ್ದರು. ಮೃತ್ಯುಂಜಯ ಟೆಲಿಕಾಂ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಒಂದು ಮಂಗಳವಾರ ಹನ್ನೊಂದು ನಿಮಿಷದ ವಿಡಿಯೋ ಕಾಲಿನಲ್ಲಿ ಕೆಲಸ ಕಳೆದುಕೊಂಡು, ಇನ್ನು ಮೇಷ್ಟ್ರಾಗುತ್ತೇನೆ ಎಂದು ಹೊರಟ ದಿನದಿಂದ ಅವರಿಗೆ ಅವನೇ ಖಾಯಂ ವಿದ್ಯಾರ್ಥಿ.

ಬಿ.ಎಡ್. ಓದದವರೂ ಮೇಷ್ಟ್ರಾಗಲು ನ್ಯೂಜೆರ್ಸಿಯಲ್ಲಿ ಒಂದು ಪಕ್ಕದ ಬಾಗಿಲಿದೆ. ಅದಕ್ಕೆ ಆಲ್ಟರ್ನೇಟ್ ರೂಟ್ ಎಂದು ಹೆಸರು. ಡಿಗ್ರಿ ತೋರಿಸಿ, ಪರೀಕ್ಷೆ ಪಾಸು ಮಾಡಿ, ಐವತ್ತು ಗಂಟೆ ಕೋರ್ಸಿಗೆ ಕೂತರೆ ಅರ್ಹತಾ ಪತ್ರ ಬರುತ್ತದೆ. ಆಮೇಲೆ ಶಾಲೆ ಸೇರಿ, ಪಾಠ ಮಾಡುತ್ತಲೇ ಪಾಠ ಮಾಡುವುದನ್ನು ಕಲಿಯಬಹುದು. ಕೇಳಲು ಸಲೀಸು. ಮೃತ್ಯುಂಜಯನಿಗೆ ಎಂಟು ತಿಂಗಳು ಹಿಡಿಯಿತು. ಮೈಸೂರಿನ ಅವನ ಎಂಜಿನಿಯರಿಂಗ್ ಅಂಕಪಟ್ಟಿ ನೋಡಿದವರು, ಎರಡನೇ ಸೆಮಿಸ್ಟರಿನಲ್ಲಿ ಮಾಡಿದ ಕಮ್ಮಾರಿಕೆ ಗಣಿತವೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದು ಎರಡು ತಿಂಗಳು ಕೂತರು.

ಕೊನೆಗೊಂದು ಮಿಡ್ಲ್ ಸ್ಕೂಲಿನಿಂದ ಕರೆ ಬಂತು. ಎಂಟನೇ ಗ್ರೇಡಿನ ಗಣಿತದ ಟೀಚರ್ ಬಿಟ್ಟು ಹೋಗುತ್ತಿದ್ದಾರೆ, ಮುಂದಿನ ತಿಂಗಳಿಂದ ಒಬ್ಬರು ಬೇಕು. ಒಂಬತ್ತು ಗಂಟೆಗೆ ಬಂದು, ಸಮಿತಿಯ ಮುಂದೆ ಇಪ್ಪತ್ತು ನಿಮಿಷ ಡೆಮೊ ಪಾಠ ಮಾಡಿ ತೋರಿಸಬೇಕು.

"ಒಂಬತ್ತಕ್ಕ ಬಾ ಅಂದ್ರ ಒಂಬತ್ತಕ್ಕ ಹೋಗಾಂವ ಗುಮಾಸ್ತ," ಎಂದರು ಅಡಿವೆಪ್ಪನವರು. "ಮಾಸ್ತರ ಆದಾಂವ ಮೊದಲನೇ ಗಂಟೀಗಿಂತ ಮೊದಲ ಇರಬೇಕ ನೋಡ್ರಿ. ಮತ್ತ ಹುಡುಗರ ಮುಂದ ನಗಬ್ಯಾಡ್ರಿ."

ಹೆಂಡತಿ ತಾರಿಣಿಯದು ಇನ್ನೊಂದು ಸಲಹೆ. ಹೋದ ಸಲದ ಸಂದರ್ಶನದ ನಡುವೆ ಗಂಡನ ಜೇಬಿನೊಳಗೆ ರಿಂಗ್‌ಟೋನು ಡೊಳ್ಳು ಬಾರಿಸಿದ್ದನ್ನು ನೆನಪಿಸಿ, ಫೋನನ್ನು ಆರಿಸಿ ಕಾರಿನಲ್ಲೇ ಬಿಡಬೇಕೆಂದು ಮಾತು ತೆಗೆದುಕೊಂಡಳು. ಹೀಗೆ ಎರಡೂ ಕಡೆಯಿಂದ ಕಟ್ಟಿಸಿಕೊಂಡು, ಟೈ ಬಿಗಿದು, ಚಾರ್ಟುಗಳನ್ನು ಮದುವೆಗೆ ಚಾಪೆ ಹೊತ್ತವನಂತೆ ಕಂಕುಳಲ್ಲಿಟ್ಟು ಅವನು ಏಳೂವರೆಗೆ ಶಾಲೆಯ ಆಫೀಸಿಗೆ ಕಾಲಿಟ್ಟ.

ಅಲ್ಲಿ ಸೆಕ್ರೆಟರಿ ಎರಡು ಫೋನುಗಳ ನಡುವೆ ಒದ್ದಾಡುತ್ತಿದ್ದಳು. ಇವನನ್ನು ಕಂಡವಳೇ "ಎಂಟನೇ ಗ್ರೇಡ್ ಮ್ಯಾತ್?" ಎಂದಳು. ಇವನು ಹೌದೆಂದ. ಆಕೆ ದೇವರಿಗೆ ಥ್ಯಾಂಕ್ಸ್ ಹೇಳಿ, ಕೊರಳಿಗೊಂದು ಗುರುತಿನ ಪಟ್ಟಿ ಹಾಕಿ, ರೂಮ್ ನೂರಾ ಹದಿನಾಲ್ಕಕ್ಕೆ ಓಡಿಸಿದಳು. ಬೇಗ ಬಂದವರನ್ನು ಬೇಗ ಮುಗಿಸಿ ಕಳಿಸುತ್ತಾರೆ, ಅಡಿವೆಪ್ಪನವರು ಹೇಳಿದ್ದು ನಿಜ ಎಂದುಕೊಂಡ ಮೃತ್ಯುಂಜಯ.

ರೂಮಿನಲ್ಲಿ ಇಪ್ಪತ್ತಾರು ಮಕ್ಕಳು. ಹಿಂದಿನ ಸಾಲಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಪುಸ್ತಕ ತೆರೆದು ಏನೋ ಬರೆಯುತ್ತಿದ್ದಳು. ಅವಳೇ ಸಮಿತಿ ಎಂದು ಇವನು ಎದೆ ಗಟ್ಟಿ ಮಾಡಿಕೊಂಡ. ರೇಖೆಯ ಇಳಿಜಾರು ಅವನು ಆರಿಸಿದ್ದ ಪಾಠ. ಮೊದಲ ಐದು ನಿಮಿಷ ನಗದೆ ಮಾಡಿದ. ಮಕ್ಕಳು ಶವಸಂಸ್ಕಾರಕ್ಕೆ ಬಂದವರಂತೆ ಕೂತರು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಈ ಸ್ಲೋಪ್ ಜೀವನದಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿದಳು.

ಮೃತ್ಯುಂಜಯ ಚಾರ್ಟು ಕೆಳಗಿಟ್ಟ. ಸೆಲ್ ಟವರಿನ ಆಂಟೆನಾವನ್ನು ಎರಡು ಡಿಗ್ರಿ ಬಗ್ಗಿಸಿದರೆ ಯಾರ ಮನೆಯ ಬಚ್ಚಲಿನಲ್ಲಿ ಸಿಗ್ನಲ್ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ. ಹತ್ತೊಂಬತ್ತು ವರ್ಷ ಅವನು ಮಾಡಿದ್ದು ಅದನ್ನೇ, ಒಬ್ಬರೂ ಕೇಳಿರಲಿಲ್ಲ. ಈಗ ಇಪ್ಪತ್ತಾರು ಜನ ತಮ್ಮ ತಮ್ಮ ಬಚ್ಚಲಿನ ಲೆಕ್ಕ ಹಾಕತೊಡಗಿದರು. ಅವನಿಗೆ ನಗು ಬಂತು. ನಕ್ಕುಬಿಟ್ಟ.

ಬೆಲ್ ಹೊಡೆದು ಆ ಮಕ್ಕಳು ಹೋದರೆ ಬೇರೆ ಮಕ್ಕಳು ಬಂದರು. ಮೃತ್ಯುಂಜಯನಿಗೆ ಆಶ್ಚರ್ಯವಾಗಲಿಲ್ಲ. ಅವನ ಕಂಪನಿಯಲ್ಲಿ ಸಂದರ್ಶನಕ್ಕೆ ಏಳು ರೌಂಡು ಇರುತ್ತಿತ್ತು. ಇದು ಎರಡನೆಯದು. ಊಟದ ಹೊತ್ತಿಗೆ ಯಾರೋ ಬಂದು ಕೆಫೆಟೇರಿಯಾ ನೋಡಿಕೊಳ್ಳಬೇಕು ಎಂದಾಗ, ಇದು ನಡತೆಯ ರೌಂಡು ಎಂದುಕೊಂಡು ಚಿಪ್ಸ್ ಪೊಟ್ಟಣಕ್ಕೆ ಜಗಳವಾಡುತ್ತಿದ್ದ ಇಬ್ಬರನ್ನು ಬಿಡಿಸಿದ. ಅಂಗಿಗೆ ಕೆಚಪ್ ಬಿತ್ತು. ಒಂದೂವರೆಗೆ ಫೈರ್ ಡ್ರಿಲ್ ಸೈರನ್ ಕೂಗಿತು. ಆಪತ್ಕಾಲದ ರೌಂಡು. ಮಕ್ಕಳನ್ನು ಸಾಲಾಗಿ ಹೊರಗೆ ಒಯ್ದು, ಕೋಟಿಲ್ಲದೆ ನವೆಂಬರ್ ಗಾಳಿಯಲ್ಲಿ ಗಡಗಡ ನಡುಗುತ್ತ ಮೂರು ಸಲ ತಲೆ ಎಣಿಸಿದ. ಆಚೆ ಸಾಲಿನಲ್ಲಿ ನಿಂತ ಕನ್ನಡಕದ ಹೆಂಗಸು ಆಗಲೂ ಬರೆಯುತ್ತಿದ್ದಳು.

ಮೂರು ಗಂಟೆಗೆ, ಹಿಂಡಿದ ನಿಂಬೆ ಹೋಳಿನಂತಾಗಿ ಆಫೀಸಿಗೆ ಬಂದ. ಒಳಗೊಳಗೇ ಸಂತೋಷ. ಇಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಅವನು ಮಾಡಿರಲಿಲ್ಲ.

ಸೆಕ್ರೆಟರಿ ಒಂದು ಚೀಟಿ ಮುಂದೆ ತಳ್ಳಿ ಸಹಿ ಹಾಕಲು ಹೇಳಿದಳು. ತಲೆಬರಹ ಓದಿದ: ಒಂದು ದಿನದ ಸಬ್ಸ್ಟಿಟ್ಯೂಟ್ ಟೀಚರ್.

ಅವನು ತಡವರಿಸುತ್ತ ಸಮಿತಿಯ ಹೆಂಗಸಿನ ವಿಷಯ ಎತ್ತಿದ. ಆಕೆ ಸಮಿತಿಯಲ್ಲ, ಕಾಲು ಮುರಿದ ಹುಡುಗನ ಸಹಾಯಕ್ಕೆ ನೇಮಿಸಿದವಳು, ಬರೆಯುತ್ತಿದ್ದದ್ದು ಪದಬಂಧ ಎಂದು ಗೊತ್ತಾಯಿತು. ಬೆಳಿಗ್ಗೆ ಎಂಟನೇ ಗ್ರೇಡಿನ ಟೀಚರ್ ಜ್ವರವೆಂದು ರಜೆ ಹಾಕಿದ್ದರು. ಅವರ ಬದಲಿಗೆ ಬರಬೇಕಾದವರು ಇವನೇ ಎಂದು ಸೆಕ್ರೆಟರಿ ತಿಳಿದಿದ್ದಳು.

"ಹಾಗಾದರೆ ಆ ಬದಲಿಯವರು ಬರಲೇ ಇಲ್ಲವೆ?" ಎಂದು ಮೃತ್ಯುಂಜಯ ಕೇಳಿದ.

ಅಷ್ಟರಲ್ಲಿ ಒಳಬಾಗಿಲು ತೆರೆದು ಪ್ರಿನ್ಸಿಪಾಲ್ ಮಿಸೆಸ್ ಡೆಲಾನಿ ಒಬ್ಬ ಹುಡುಗಿಯ ಕೈ ಕುಲುಕುತ್ತ ಹೊರಗೆ ಬಂದರು. ಹುಡುಗಿ ಇವನನ್ನು ನೋಡಿ, "ಅಂಕಲ್, ನೀವು ಕನ್ನಡಾನಾ?" ಎಂದಳು. ಇಲ್ಲೇ ಹುಟ್ಟಿ ಬೆಳೆದವಳು, ಹೆಸರು ಸಿಂಧು, ಹೋದ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದ್ದಳು. ಬದಲಿಗೆ ಬರಬೇಕಾದವಳು ಅವಳೇ. ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿ ಒಂಬತ್ತಕ್ಕೆ ಬಂದಿದ್ದಳು. "ಐ ಜಸ್ಟ್ ಸೆಡ್ ಎಯ್ತ್ ಗ್ರೇಡ್ ಮ್ಯಾತ್, ಅಂಕಲ್. ಲೈಬ್ರರಿಗೆ ಕಳಿಸಿದ್ರು."

ಲೈಬ್ರರಿಯಲ್ಲಿ ಸಮಿತಿಯವರು ಮೃತ್ಯುಂಜಯನ ಫೈಲು ತೆರೆದಿಟ್ಟುಕೊಂಡು, ಆ ಹೆಸರನ್ನು ಹೇಗಪ್ಪಾ ಉಚ್ಚರಿಸುವುದು ಎಂದು ಕಂಗಾಲಾಗಿ ಕೂತಿದ್ದರಂತೆ. ಬಂದವಳು ಸಿಂಧು ಎಂದಾಗ, ಅದೇ ಚಿಕ್ಕ ಹೆಸರಿರಬೇಕೆಂದು ಎಲ್ಲರಿಗೂ ಜೀವ ಬಂದಂತಾಯಿತು. ಬದಲಿಯವರನ್ನೂ ಹೀಗೆ ಪರೀಕ್ಷಿಸುತ್ತಾರೇನೋ ಎಂದು ಅವಳು ಮಾಡಿದ ಪಾಠ ಮೆಚ್ಚಿಗೆಯಾಯಿತು. ಹತ್ತೊಂಬತ್ತು ವರ್ಷ ಟೆಲಿಕಾಮಿನಲ್ಲಿ ದುಡಿದೂ ಇಷ್ಟು ಎಳೆಯವಳಾಗಿ ಕಾಣುವುದು ಹೇಗೆ ಎಂದು ಒಬ್ಬರು ಗುಟ್ಟು ಕೇಳಿದ್ದರು. ಅವಳು ತಮಾಷೆ ಎಂದುಕೊಂಡು ಸನ್‌ಸ್ಕ್ರೀನ್ ಎಂದಿದ್ದಳು. ಮಾತುಕತೆ ಮಧ್ಯಾಹ್ನದವರೆಗೂ ನಡೆದು, ಅವಳಿಗೇ ಕೆಲಸವೆಂದು ತೀರ್ಮಾನವಾಗಿ, ಎರಡೂವರೆಗೆ ಫಾರ್ಮು ತುಂಬಿಸುವಾಗಲೇ ಫೈಲಿನವರು ಬೇರೆ, ಇವಳು ಬೇರೆ ಎಂದು ತಿಳಿದದ್ದು. ಇವನಿಗೆ ಆರು ಸಲ ಫೋನ್ ಮಾಡಿದ್ದರು.

ಮೃತ್ಯುಂಜಯ ತನ್ನ ಅರ್ಹತಾ ಪತ್ರದ ಮಾತೆತ್ತಿದ. ಮಿಸೆಸ್ ಡೆಲಾನಿ ಮುಖ ಸಣ್ಣ ಮಾಡಿಕೊಂಡರು.

"ನೋಡಿ, ಸರ್ಟಿಫಿಕೇಟು ನಿಮ್ಮದಿದೆ, ಡೆಮೊ ಪಾಠ ಅವಳದಿದೆ," ಎಂದರು. "ಸರ್ಟಿಫಿಕೇಟು ಆಮೇಲೆ ತರಿಸಬಹುದು. ನಿಮ್ಮ ಪಾಠ ಸಮಿತಿಯಲ್ಲಿ ಯಾರೂ ನೋಡಿಲ್ಲ."

ಸಿಂಧುವನ್ನು ಆಲ್ಟರ್ನೇಟ್ ರೂಟಿನಲ್ಲಿ ಕಳಿಸುವುದು, ಅವಳಿಗೆ ಪತ್ರ ಬರುವವರೆಗೆ ಜಾಗ ಕಾಯ್ದಿಡುವುದು ಎಂದಾಗಿತ್ತು. ಅಲ್ಲಿಯವರೆಗೆ ಆ ಕ್ಲಾಸಿಗೆ ಬದಲಿ ಟೀಚರ್ ಬೇಕು. ಇವತ್ತಿನವರು ಬಹಳ ಚೆನ್ನಾಗಿ ಮಾಡಿದರೆಂದು ಮಕ್ಕಳೆಲ್ಲ ಹೇಳುತ್ತಿದ್ದಾರೆ, ದಯವಿಟ್ಟು ಒಪ್ಪಿಕೊಳ್ಳಬೇಕು ಎಂದು ಅವರು ಎರಡೂ ಕೈ ಹಿಡಿದುಕೊಂಡರು. ಮೃತ್ಯುಂಜಯನಿಗೆ ಬಚ್ಚಲಿನ ಲೆಕ್ಕ ಹಾಕುತ್ತಿದ್ದ ಮಕ್ಕಳು ನೆನಪಾದರು. ಹೂಂ ಎಂದುಬಿಟ್ಟ.

ಪಾರ್ಕಿಂಗ್ ಲಾಟಿನವರೆಗೂ ಸಿಂಧು ಜೊತೆಗೇ ಬಂದಳು. ಪರೀಕ್ಷೆ ಕಷ್ಟವಾ, ಫಾರ್ಮು ತುಂಬಲು ಸಹಾಯ ಮಾಡುತ್ತೀರಾ ಎಂದು ಕೇಳುತ್ತಲೇ ಇದ್ದಳು. ಕಾರು ತೆರೆದು ಫೋನ್ ಹಚ್ಚಿದ್ದೇ ತಡ, ತಾರಿಣಿಯ ಕರೆ.

"ಕೆಲಸ ಸಿಕ್ತೇನ್ರೀ?"

ಮೃತ್ಯುಂಜಯ ಸಿಂಧುವಿನ ಕಡೆ ನೋಡಿದ.

"ಸಿಕ್ತು," ಎಂದ.

ಯಾರಿಗೆ ಎಂದು ತಾರಿಣಿ ಕೇಳಲಿಲ್ಲ. ಅವನು ಕಾರು ಹೊರಡಿಸುವಷ್ಟರಲ್ಲಿ ಕನ್ನಡ ಕೂಟದ ವಾಟ್ಸಾಪಿನಲ್ಲಿ ಅರವತ್ತೆರಡು ಅಭಿನಂದನೆ ಬಿದ್ದಿದ್ದವು. ಅದರ ಕೆಳಗೇ ಸಿಂಧುವಿನ ತಾಯಿಯ ಮೆಸೇಜು: ನಮ್ಮ ಸಿಂಧುಗೆ ಅದೇ ಸ್ಕೂಲಲ್ಲಿ ಪರ್ಮನೆಂಟ್ ಆಯ್ತು, ಪಾಪ ಯಾರೋ ಅಂಕಲ್ ಒಬ್ರು ಅವಳ ಜಾಗ ನೋಡ್ಕೋತಾರಂತೆ.