ಚಾಲಕ ನಿದ್ದೆಯಲ್ಲಿದ್ದ ನೀಲಿ ವಾಹನದ ಬಗ್ಗೆ

ನಗರಪಾಲಿಕೆಯ ರಸ್ತೆಬದಿ ಆಸನ ವಿಭಾಗದ ಮುಖ್ಯಸ್ಥರಾದ ಹೆನಿಂಗ್ ಬ್ರೋಗೋರ್ ಅವರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆಯಿರಲಿ. ಬರೆದದ್ದನ್ನು ಊರಿನ ಪತ್ರಿಕೆಗೂ ಕಳಿಸುತ್ತಿರುವುದಕ್ಕೆ ಇನ್ನೊಂದು ಕ್ಷಮೆ, ಇಷ್ಟು ಸಲ ಕ್ಷಮೆ ಕೇಳಿ ತಮ್ಮ ಸಮಯ ತಿನ್ನುತ್ತಿರುವುದಕ್ಕೆ ಮತ್ತೂ ಒಂದು. ನನ್ನ ತಾಯಿ ಇಂಗ್ಲೆಂಡಿನವಳು. ಚಿಕ್ಕಂದಿನಿಂದ ಅಲ್ಲಿನ ಹಾಸ್ಟೆಲ್ ಶಾಲೆಯಲ್ಲಿ ಬೆಳೆದವನು ನಾನು. ಅಲ್ಲಿ ಯಾರಾದರೂ ನಮ್ಮ ಕಾಲು ತುಳಿದರೂ ಸಾರಿ ಹೇಳಬೇಕಾದವರು ನಾವೇ. ಹೋದ ವರ್ಷ ಕಾನೂನು ಓದಲೆಂದು ಅಪ್ಪನ ಊರಾದ ಇಲ್ಲಿಗೆ, ಈ ಡ್ಯಾನಿಷ್ ಬಂದರಿಗೆ ಬಂದೆ. ರಾಗ್ನಿಲ್ ಅತ್ತೆಯ ಮನೆಯಲ್ಲಿದ್ದೇನೆ, ಮಧ್ಯಾಹ್ನ ಅವಳ ಹೋಟೆಲಿನಲ್ಲಿ ತಟ್ಟೆ ಎತ್ತುತ್ತೇನೆ. ಈ ಪತ್ರದ ಮೊದಲ ಸಾಲನ್ನು ನನ್ನ ಭುಜದ ಮೇಲಿಂದ ಓದಿದ ಅತ್ತೆ, "ಇಷ್ಟೊಂದು ಮಾನ್ಯರೇ ಮಾನ್ಯರೇ ಅಂದ್ರೆ ಗೇಲಿ ಮಾಡ್ತಿದ್ದಾನೆ ಅಂದ್ಕೋತಾರೆ ಕಣೋ. ಇಲ್ಲಿ ಮಂತ್ರೀನೂ ಹೆಸರು ಹಿಡಿದೇ ಕರೀತೀವಿ" ಎಂದಳು. ಆದರೆ ತಮ್ಮ ನಿಯಮಾವಳಿಯನ್ನು ಪೂರ್ತಿ ಓದಿದವನಿಗೆ ತಮ್ಮನ್ನು ಬರೀ ಹೆನಿಂಗ್ ಎಂದು ಕರೆಯುವ ಧೈರ್ಯ ಎಲ್ಲಿಂದ ಬರಬೇಕು?

ಅತ್ತೆಯ ಹೋಟೆಲು ತಮಗೆ ಗೊತ್ತೇ ಇದೆ. ಅರ್ಧ ನೆಲದೊಳಗೆ ಹುದುಗಿದ ಹಳೆಯ ನೆಲಮಾಳಿಗೆ. ಒಳಗೆ ಕೂತರೆ ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಚಪ್ಪಲಿ ಮತ್ತು ನಾಯಿಗಳ ಹೊಟ್ಟೆ. ಆದ್ದರಿಂದಲೇ ಎದುರಿನ ಎರಡು ಪಾರ್ಕಿಂಗ್ ಜಾಗಗಳ ಮೇಲೆ ಬೇಸಿಗೆಯ ಮಟ್ಟಿಗೆ ಮರದ ಜಗಲಿ ಹಾಕಿಕೊಳ್ಳಲು ತಾವು ಅನುಮತಿ ಕೊಟ್ಟಾಗ ನಾವು ಹಿಗ್ಗಿದೆವು. ತಮ್ಮ ನಿಯಮಗಳನ್ನೂ ಒಂದು ಬಿಡದೆ ಪಾಲಿಸಿದೆವು. ಗಿರಾಕಿಗಳು ಹೊದ್ದು ಕೂರುವ ಕೆಂಪು ಕಂಬಳಿಗಳು ಬೀದಿಯ ಗೋಡೆಗಳಿಗೆ ಒಪ್ಪುವುದಿಲ್ಲವೆಂದಿರಿ. ಅತ್ತೆ ಬೂದಿ ಬಣ್ಣದವನ್ನು ತಂದಳು, ಈಗ ನಮ್ಮ ಗಿರಾಕಿಗಳು ಮಳೆಗಾಲದ ಪಾರಿವಾಳಗಳಂತೆ ಕಾಣುತ್ತಾರೆ, ನೋಡಲು ಬಹಳ ಶಿಸ್ತು. ರಸ್ತೆಯ ಕಡೆಗೆ ಉದ್ದಕ್ಕೂ ಹೂವಿನ ತೊಟ್ಟಿಗಳು ಕಡ್ಡಾಯವೆಂದಿರಿ, ಇಟ್ಟೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಒಂದು ಮೇಜು ಕಡಿಮೆಯಾದರೂ ಜೆರೇನಿಯಂ ಹೂವುಗಳು ಮಾತ್ರ ಕಾಲು ಚಾಚಿ ಕೂತವು.

ಮಾನ್ಯರೇ, ಈಗ ವಿಷಯಕ್ಕೆ ಬರುತ್ತೇನೆ, ಕ್ಷಮಿಸಿ.

ಅತ್ತೆಯ ಮಗಳು ಸಿಗ್ನೆಗೆ ಫೆಬ್ರವರಿಯಲ್ಲಿ ಗಂಡುಮಗು ಹುಟ್ಟಿತು. ಅವಳ ಗಂಡ ಸಮುದ್ರದ ನಡುವಿನ ಗಾಳಿಯಂತ್ರಗಳಲ್ಲಿ ಕೆಲಸ ಮಾಡುವವನು, ವಾರಗಟ್ಟಲೆ ಮನೆಯಲ್ಲಿ ಇರುವುದಿಲ್ಲ. ಹೆರಿಗೆಯಾದ ಮೇಲೆ ಸಿಗ್ನೆ ಹೊರಗೆ ಬರುವುದನ್ನೇ ಬಿಟ್ಟಳು. ಪರದೆ ಸರಿಸುತ್ತಿರಲಿಲ್ಲ. ಅತ್ತೆ ಫೋನು ಮಾಡಿ ಕರೆದಾಗೆಲ್ಲ ಒಂದೇ ಉತ್ತರ: "ನಾಳೆ ನೋಡೋಣಮ್ಮ." ವೈದ್ಯರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಮನೆಗೆ ಬರುವ ನರ್ಸಮ್ಮ, ಆಗತಾನೇ ಹೆತ್ತ ಇನ್ನೂ ಮೂವರನ್ನು ಜೊತೆಮಾಡಿ, ಬುಧವಾರ ಬುಧವಾರ ಸೇರಿರಿ, ಎಲ್ಲಾದರೂ ಸರಿ, ಮನೆಯೊಳಗೆ ಮಾತ್ರ ಬೇಡ ಎಂದಳಂತೆ. ಸಿಗ್ನೆ ತನಗೆ ಆಗುವುದು ಒಂದೇ ಜಾಗ ಎಂದಳು. ಅದು ಅಮ್ಮನ ಜಗಲಿ, ಅಂದರೆ ತಮ್ಮ ಎರಡು ಪಾರ್ಕಿಂಗ್ ಜಾಗ.

ಮೊದಲ ಬುಧವಾರ ಕೋಟಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಬಂದಳು, ಕಾಫಿ ಆರುವ ಮೊದಲೇ ಹೊರಟಳು. ಮುಂದಿನ ಸಲ ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು ಹಾಕಿಸಿಕೊಂಡು ಇಡೀ ತುಂಡು ತಿಂದಳು. ಅದರ ಮುಂದಿನ ಸಲ, ನನ್ನ ಡ್ಯಾನಿಷ್ ಉಚ್ಚಾರಣೆ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಪಾದ್ರಿಯ ಹಾಗಿದೆ ಎಂದು ಉಳಿದವರಿಗೆ ಅಣಕಿಸಿ ತೋರಿಸಿ ನಕ್ಕಳು. ಅತ್ತೆ ಅಡುಗೆಮನೆಗೆ ಹೋಗಿ, ತೊಳೆಯಲು ಏನೂ ಇಲ್ಲದಿದ್ದರೂ ನಲ್ಲಿ ಬಿಟ್ಟುಕೊಂಡು ನಿಂತಳು.

ಮಗು ಅವಳ ಪಕ್ಕದಲ್ಲೇ ತನ್ನ ನೀಲಿ ತಳ್ಳುಗಾಡಿಯಲ್ಲಿ ಮಲಗಿರುತ್ತಿತ್ತು. ಈ ಊರಿನ ಮಕ್ಕಳು ಹಿಮ ಬಿದ್ದರೂ ಹೊರಗಿನ ಗಾಳಿಯಲ್ಲೇ ನಿದ್ದೆ ಮಾಡುತ್ತವೆ. ತಾವೂ ಹಾಗೇ ಯಾವುದೋ ಹೋಟೆಲಿನ ಮುಂದೆ ಗಾಡಿಯಲ್ಲಿ ಮಲಗಿ ಬೆಳೆದವರೇ ಇರಬೇಕು, ಆಗ ಈ ವಿಭಾಗ ಇರದಿದ್ದುದು ತಮ್ಮ ಪುಣ್ಯ.

ಅಷ್ಟರಲ್ಲಿ ತಮ್ಮ ತಪಾಸಣೆಯವರು ಅಳತೆಪಟ್ಟಿ ಹಿಡಿದು ಬಂದರು. ಜಗಲಿಯ ಮೇಲೆ ಚಕ್ರವಿರುವ ವಸ್ತು ನಿಲ್ಲಕೂಡದು, ಉರುಳಿ ರಸ್ತೆಗೆ ಹೋದೀತು ಎಂದರು. ಫುಟ್‌ಪಾತಿನಲ್ಲಿ ನಿಲ್ಲಿಸಲೇ ಎಂದರೆ ಅದು ನಡೆಯುವವರದು. ಕೆಳಗೆ ಒಯ್ಯಲೇ ಎಂದರೆ ಮೆಟ್ಟಿಲು ಕಡಿದಾಗಿದೆ, ಗಾಡಿ ಇಳಿಯುವುದಿಲ್ಲ. ಹೂವಿನ ತೊಟ್ಟಿ ಸರಿಸಲೇ ಎಂದು ಕೇಳಿದ್ದಕ್ಕೆ ಮಾತ್ರ ಅವರ ಮುಖ ನಿಜವಾಗಿಯೂ ನೊಂದಿತು.

ಆಗ ನನ್ನೊಳಗಿನ ಮೊದಲ ವರ್ಷದ ವಕೀಲ ಎದ್ದು ನಿಂತ. ಜಗಲಿಯ ಪಕ್ಕದ ಮೂರನೆಯ ಪಾರ್ಕಿಂಗ್ ಜಾಗ ಖಾಲಿಯಿತ್ತು. ಚಕ್ರವಿರುವುದಕ್ಕೆ ಜಗಲಿಯಲ್ಲಿ ಜಾಗವಿಲ್ಲವಾದರೆ, ಚಕ್ರವಿರುವುದಕ್ಕೆಂದೇ ಇರುವ ಜಾಗದಲ್ಲಿ ಇರಲೇಬೇಕಲ್ಲ? ಮುಂದಿನ ಬುಧವಾರ ಗಾಡಿಯನ್ನು ಅಲ್ಲಿ ನಿಲ್ಲಿಸಿ, ಬ್ರೇಕು ಒತ್ತಿ, ಪಾರ್ಕಿಂಗ್ ಯಂತ್ರಕ್ಕೆ ಹಣವನ್ನೂ ಕಟ್ಟಿದೆ. ಯಂತ್ರ ನೋಂದಣಿ ಸಂಖ್ಯೆ ಕೇಳಿತು. ಮಗುವಿಗೆ ಇನ್ನೂ ಹೆಸರೇ ಇಟ್ಟಿಲ್ಲ, ಸದ್ಯಕ್ಕೆ ಬಟಾಣಿ ಎನ್ನುತ್ತೇವೆ. ಅವನು ಹುಟ್ಟಿದ ತಾರೀಕನ್ನೇ ಒತ್ತಿದೆ. ಚೀಟಿಯನ್ನು ಗಾಡಿಯ ಕೊಡೆಗೆ ಸಿಕ್ಕಿಸಿ, ರಸ್ತೆಯ ಕಡೆಗೆ ಎರಡೂ ಕೈ ಚಾಚಿ, ಬರುವ ಒಂದೊಂದು ಸೈಕಲ್ಲಿಗೂ ಬೆವರುತ್ತ, ಗಾಡಿ ಕಾಯುತ್ತ ನಿಂತೆ.

ತಮ್ಮ ಪಾರ್ಕಿಂಗ್ ಸಿಬ್ಬಂದಿಯಷ್ಟು ಸೌಮ್ಯರನ್ನು ನಾನು ನೋಡಿಲ್ಲ. ಅಂದು ಬಂದ ಆಕೆ ಪಿಸುದನಿಯಲ್ಲಿ, "ಇದು ಅಡ್ಡಡ್ಡ ನಿಂತಿದೆಯಪ್ಪ, ಇಲ್ಲಿ ಉದ್ದಕ್ಕೆ ನಿಲ್ಲಿಸ್ಬೇಕು" ಎಂದರು. ತಕ್ಷಣ ತಿರುಗಿಸಿದೆ. ಆದರೆ ಬರೆಯಲು ಶುರುಮಾಡಿದ ದಂಡ ನಿಲ್ಲುವುದಿಲ್ಲವಂತೆ. ಬಣ್ಣ ನೀಲಿ, ಚಕ್ರ ನಾಲ್ಕು, ತಯಾರಕರು ತಿಳಿದಿಲ್ಲ, ಷರಾ: ಚಾಲಕ ನಿದ್ದೆಯಲ್ಲಿದ್ದಾನೆ. ಚೀಟಿಯನ್ನು ಮಡಿಸಿ, ಬಟಾಣಿಗೆ ಎಚ್ಚರವಾಗದಂತೆ ಅವನ ಹೊದಿಕೆಯ ಅಂಚಿಗೆ ಸೇರಿಸಿ, ನನ್ನತ್ತ ತುಟಿಗೆ ಬೆರಳಿಟ್ಟು ತೋರಿಸಿ ಹೋದರು. ಇಂಥ ನಾಜೂಕು ನಮ್ಮ ಹಾಸ್ಟೆಲಿನ ಮೇಲ್ವಿಚಾರಕರಿಗೆ ಇದ್ದಿದ್ದರೆ ನನ್ನ ಬಾಲ್ಯವೇ ಬೇರೆಯಾಗಿರುತ್ತಿತ್ತು.

ಶುಕ್ರವಾರ ತಮ್ಮ ಕಚೇರಿಯಿಂದ ಆದೇಶ ಬಂತು. ಹೋಟೆಲು ತನ್ನ ಪೀಠೋಪಕರಣಗಳನ್ನು ಅನುಮತಿಯಿಲ್ಲದ ಮೂರನೆಯ ಜಾಗಕ್ಕೆ ಹಬ್ಬಿಸಿದ್ದರಿಂದ, ಮರುಪರಿಶೀಲನೆಯ ತನಕ ಜಗಲಿಯ ಅನುಮತಿ ತಡೆಹಿಡಿಯಲಾಗಿದೆ. ಮಾನ್ಯರೇ, ಇಲ್ಲಿ ನಾನು ತಲೆಬಾಗಿದೆ. ಜಗಲಿಯ ಮೇಲಿದ್ದಾಗ ವಾಹನ, ವಾಹನಗಳ ನಡುವೆ ನಿಂತಾಗ ಪೀಠೋಪಕರಣ, ದಂಡ ಕಟ್ಟುವಾಗ ಪುನಃ ವಾಹನ: ಒಂದು ಮಗುವಿನ ಗಾಡಿಯಿಂದ ಇಷ್ಟು ಕೆಲಸ ತೆಗೆದ ವಿಭಾಗ ಭೂಮಿಯ ಮೇಲೆ ಇನ್ನೊಂದು ಇರಲಾರದು. ಈಗ ಜಗಲಿಯ ಸುತ್ತ ಕೆಂಪು ಬಿಳುಪಿನ ಪಟ್ಟಿ ಬಿಗಿದಿದೆ. ಮೂರನೆಯ ಜಾಗದಲ್ಲಿ ಅಂದಿನಿಂದ ಒಂದು ಬಿಳಿ ವ್ಯಾನು ಕದಲದೆ ನಿಂತಿದೆ. ಅದರ ಚಾಲಕ ನಿದ್ದೆಯಲ್ಲೂ ಇಲ್ಲ, ಎಚ್ಚರದಲ್ಲೂ ಇಲ್ಲ, ಇಲ್ಲವೇ ಇಲ್ಲ. ಅದರ ಮೇಲೆ ಯಾವ ದೂರೂ ಇಲ್ಲ.

ಬೇರೆ ಕಡೆ ಸೇರಬಹುದಲ್ಲ, ಪಾರ್ಕು ಇದೆಯಲ್ಲ ಎಂದು ತಮ್ಮ ಕಚೇರಿಯವರು ಫೋನಿನಲ್ಲಿ ಪ್ರೀತಿಯಿಂದ ಹೇಳಿದರು. ಉಳಿದ ಮೂವರು ಹೋದರು. ಸಿಗ್ನೆ ಅಮ್ಮನಿಗೆ ಫೋನು ಮಾಡಿ, "ಬುಧವಾರ ಎಲ್ಲಿಗೆ ಬರ್ಲಿ?" ಎಂದು ಕೇಳಿದಳು. ನೀನು ಬಾ, ಏನಾದರೂ ಮಾಡೋಣ ಎಂದಳು ಅತ್ತೆ. ಆ ಕಡೆ ಪರದೆ ಎಳೆದ ಸದ್ದು. ಆಮೇಲೆ, "ಇರ್ಲಿ ಬಿಡು. ನಾಳೆ ನೋಡೋಣಮ್ಮ."

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ: ಬಟಾಣಿಯ ಗಾಡಿಯನ್ನು ಹೂವಿನ ತೊಟ್ಟಿ ಎಂದು ಘೋಷಿಸುವ ಕೃಪೆ ಮಾಡಬೇಕು. ಎತ್ತರ ತೊಟ್ಟಿಗಳಿಗೆ ತಾವು ಹೇಳಿದ ಮಿತಿಯೊಳಗೇ ಇದೆ. ಒಳಗಿರುವುದು ದಿನದಿನಕ್ಕೂ ಬೆಳೆಯುತ್ತಿದೆ, ಹೊತ್ತುಹೊತ್ತಿಗೆ ತಾನೇ ಒದ್ದೆಯಾಗುತ್ತದೆ. ಬೇಕಾದರೆ ಒಂದು ಮೂಲೆಯಲ್ಲಿ ಜೆರೇನಿಯಂ ಕೂಡ ನೆಡುತ್ತೇವೆ. ಚಕ್ರಗಳೇ ಅಡ್ಡಿಯಾದರೆ ಬುಧವಾರದ ಮಟ್ಟಿಗೆ ನಾನೇ ಅವನ್ನು ಬಿಚ್ಚಿ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತೇನೆ, ಬೂದಿ ಬಣ್ಣದ ಕಂಬಳಿ ಹೊದ್ದು.

ತಮ್ಮ ಪ್ರತಿಯೊಂದು ನಿಯಮದ ನಡುಗುವ ವಿಶ್ವಾಸಿ,
ಎಸ್ಕಿಲ್ ಹೋಲ್ಮ್‌ಸ್ಟೆಡ್
ಕಾನೂನು, ಮೊದಲ ವರ್ಷ

ಮರೆತ ಮಾತು: ಕಾನೂನಿನ ಪ್ರಕಾರ ಆಗಸ್ಟಿನೊಳಗೆ ಬಟಾಣಿಗೆ ಹೆಸರಿಡಲೇಬೇಕು. ಹೆನಿಂಗ್ ಎಂದು ಇಡೋಣ, ಇನ್ನು ಮುಂದೆ ಬರುವ ದಂಡಗಳೆಲ್ಲ ಆ ಹೆಸರಿಗೇ ಬರಲಿ ಎನ್ನುತ್ತಿದ್ದಾಳೆ ಅತ್ತೆ. ನಾನು ತಮ್ಮ ಗೌರವದ ದೃಷ್ಟಿಯಿಂದ ತಡೆದಿದ್ದೇನೆ, ಎಷ್ಟು ದಿನ ತಡೆಯಬಲ್ಲೆನೋ ತಿಳಿಯದು. ಅದು ಹಾಗಿರಲಿ. ಬುಧವಾರ ಎಲ್ಲಿಗೆ ಬರಬೇಕೆಂದು ಸಿಗ್ನೆಗೆ ಹೇಳಬೇಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.