ಕಾಡಿಗೆ ಹೋದ ಹುಳಿ

ಒಂದಕ್ಷರದ ದೆಸೆಯಿಂದ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದು ಯಾವ ಅಕ್ಷರ ಎಂದು ಈಗಲೇ ಹೇಳಿದರೆ ನೀವೊಬ್ಬರೇ ನಗುತ್ತೀರಿ. ಸ್ವಲ್ಪ ತಡೆಯಿರಿ, ಆಮೇಲೆ ಒಟ್ಟಿಗೆ ನಗೋಣ. ಶಾಲೆ ಬಿಟ್ಟವನು ಕುಂದಾಪುರದಿಂದ ಹೊರಟು, ಊರೂರಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ನಾಸಿಕದ ಪಕ್ಕದ ದೇವಳಾಲಿಯ ಮಿಲಿಟರಿ ಕ್ಯಾಂಪಿನಲ್ಲಿ ಒಂದು ಸಣ್ಣ ಹೋಟೆಲು ಹಾಕಿದೆ. ಪಂಜಾಬಿನ ಸುಬೇದಾರರು ನನ್ನ ಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಚಹಾದ ಹಾಗೆ ಕುಡಿಯುತ್ತಾರೆ. ಬೋರ್ಡಿನ ಮೇಲೆ ಅದು ಸಾಂಬಾರ್. ನಮ್ಮ ಮನೆಮಂದಿಯ ಬಾಯಲ್ಲಿ ಹುಳಿಯೇ. ದೇವರು ಎಲ್ಲ ಕೊಟ್ಟಿದ್ದ. ಕೊರತೆ ಒಂದೇ: ಮೊಮ್ಮಗಳು ಶುಭಾ ನನ್ನ ಹತ್ತಿರ ಒಂದೇ ಒಂದು ಕನ್ನಡ ಮಾತು ಆಡುತ್ತಿರಲಿಲ್ಲ.

ಅವಳಿಗೆ ಐದು ವರ್ಷ. ಮಗ ಔರಂಗಾಬಾದಿನಲ್ಲಿ ಬ್ಯಾಂಕ್ ಗುಮಾಸ್ತ, ಅವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ. ನಾವು ಗುಟ್ಟಾಗಿ “ಚಕ್ಕುಲಿ ಡಬ್ಬಿ ಅಟ್ಟದ ಮೇಲಿಡು” ಎಂದರೆ ನಮಗಿಂತ ಮೊದಲು ಅವಳು ಅಟ್ಟ ನೋಡುತ್ತಾಳೆ! ಉತ್ತರ ಮಾತ್ರ ಮರಾಠಿಯಲ್ಲಿ. ನಾನು ಅಜ್ಜನಲ್ಲ, ‘ಆಜೋಬಾ’. ಕಿವಿಗೆ ಅದೂ ಇಂಪೇ. ಆದರೂ ಯಾರೋ ಪಕ್ಕದ ಮನೆಯ ಮುದುಕನನ್ನು ಕರೆದ ಹಾಗೆ ಕೇಳುತ್ತಿತ್ತು.

ಆ ಬೇಸಿಗೆಯಲ್ಲಿ ಮಗ, “ಅಪ್ಪಯ್ಯ, ಎಲ್ಲರೂ ತಾಡೋಬಾ ರಾಷ್ಟ್ರೀಯ ಉದ್ಯಾನಕ್ಕೆ ಹೋಪ” ಎಂದು ಬರೆದ. ಉದ್ಯಾನ ಎಂದರೆ ಗುಲಾಬಿ ಗಿಡ, ಕಲ್ಲುಬೆಂಚು ಎಂದುಕೊಂಡು ನಾನು ಹುಲ್ಲಿನ ಮೇಲೆ ಹಾಸಲು ಚಾಪೆ ಕಟ್ಟಿಕೊಂಡೆ. ಮನಮಾಡ್ ಸ್ಟೇಷನ್ನಿನಲ್ಲಿ ಅವರೆಲ್ಲ ನಮ್ಮ ಜೊತೆಗೂಡಿದ ಮೇಲೇ ಗೊತ್ತಾದದ್ದು, ಅದು ಹುಲಿಯ ಉದ್ಯಾನ ಎಂದು. ಆಗ ನನಗೊಂದು ಉಪಾಯ ಹೊಳೆಯಿತು. ಹುಲಿ ಕಂಡಾಗ ಮಗು ಕೂಗಿಯೇ ಕೂಗುತ್ತದೆ; ಕೂಗುವುದು ಕನ್ನಡದಲ್ಲೇ ಕೂಗಲಿ! ರೈಲಿನಲ್ಲಿ ದಾರಿಯುದ್ದಕ್ಕೂ ಪಾಠ ನಡೆಯಿತು.

“ವಾಘ್ ಅಲ್ಲ ಮಗಾ. ಹುಲಿ.”

“ನಕೋ, ವಾಘಚ್!”

“ಒಂದ್ಸಲ ಹೇಳ್ ಕಾಂಬ, ಹು-ಲಿ.”

ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು. “ಬಿಡಿ ಮಾರಾಯ್ರೆ, ಹುಲಿಯೇ ಹೆದ್ರಿ ಓಡತ್ತ್” ಎಂದಳು ನನ್ನ ಹೆಂಡತಿ.

ಅಲ್ಲಿನ ವಿಶ್ರಾಂತಿ ಗೃಹದ ಅಡುಗೆಯವರು ಝುಣಕ ಭಾಕರಿ ಚೆನ್ನಾಗಿಯೇ ಮಾಡುತ್ತಿದ್ದರು. ನನ್ನ ಕೈ ಸುಮ್ಮನಿರಬೇಕಲ್ಲ! ಬೆಳಗಾಗುತ್ತಲೇ ಅವರ ಒಲೆ ಹಿಡಿದು ಸೋರೆಕಾಯಿ ಹುಳಿ ಮಾಡಿ, ಕ್ಯಾರಿಯರಿನ ತಳದ ಡಬ್ಬಿಗೆ ತುಂಬಿಸಿ, ಅರಣ್ಯ ಇಲಾಖೆಯ ವ್ಯಾನಿನಲ್ಲಿ ಕಾಲಡಿಗೆ ಇಟ್ಟುಕೊಂಡೆ. “ಕಾಡ್ ಕಾಂಬುಕ್ ಹೋಪುದಾ, ಸಂತರ್ಪಣೆಗಾ?” ಎಂದು ಹೆಂಡತಿ ಬೈದಳು. ವ್ಯಾನು ಹಳ್ಳಕೊಳ್ಳ ಹಾರುವಾಗ ಹೊರಗೆ ಜಿಂಕೆಗಳು ಹೋದವಂತೆ, ನವಿಲು ಹೋಯಿತಂತೆ. ನನ್ನ ಧ್ಯಾನವೆಲ್ಲ ಡಬ್ಬಿಯ ಮೇಲೆ.

ಒಂದು ಕೆರೆಯ ಹತ್ತಿರ ವ್ಯಾನು ನಿಂತಿತು. ಗಾರ್ಡು ತುಟಿಯ ಮೇಲೆ ಬೆರಳಿಟ್ಟ. ಆಗ ಶುಭಾ ನನ್ನ ಹೆಗಲು ಜಗ್ಗಿ ಕೂಗಿದಳು: “ಅಜ್ಜಾ! ಹುಳಿ! ಹುಳಿ!”

ಅಯ್ಯೋ, ಡಬ್ಬಿ! ಚೆಲ್ಲಿತು! ಸೀಟಿನ ಕೆಳಗೆ ತಲೆ ತೂರಿಸಿ ಮುಚ್ಚಳ ಮುಟ್ಟಿದೆ, ನೆಲ ಸವರಿ ಬೆರಳು ಮೂಸಿದೆ. ಒಂದು ತೊಟ್ಟೂ ಇಲ್ಲ. ಮೇಲೆ ಅವಳು ಇನ್ನೂ “ಹುಳಿ, ಅಜ್ಜಾ, ಹುಳಿ!” ಎನ್ನುತ್ತಲೇ ಇದ್ದಾಳೆ. “ಇಲ್ಲ ಮಗಾ, ಚೆಲ್ಲಲಿಲ್ಲ, ಹೆದರಬೇಡ” ಎಂದು ಕೆಳಗಿನಿಂದಲೇ ಸಮಾಧಾನ ಹೇಳಿ, ಸೊಂಟ ಹಿಡಿದುಕೊಂಡು ಎದ್ದಾಗ ಕೆರೆಯಾಚೆ ಹುಲ್ಲು ಮಾತ್ರ ಅಲ್ಲಾಡುತ್ತಿತ್ತು.

“ಎಲ್ರೂ ಹುಲಿ ಕಂಡ್ರ್, ನೀವು ಪಾತ್ರಿ ಬುಡ ಕಂಡ್ರಿ!” ಎಂದಳು ಹೆಂಡತಿ. ಮಗ, ಸೊಸೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು, ಆದರೆ ಅದರ ಕಾರಣ ಬೇರೆ. ಅವಳು ‘ಅಜ್ಜಾ’ ಎಂದಿದ್ದಳು! ಹುಲಿಯನ್ನು ಕಂಡ ಗಾಬರಿಯಲ್ಲಿ ಕನ್ನಡಕ್ಕಾಗಿ ತಡಕಾಡಿದ ಮಗುವಿಗೆ ಕೈಗೆ ಸಿಕ್ಕಿದ್ದು ದಿನಾ ತಟ್ಟೆಯಲ್ಲಿ ಕಾಣುವ ಶಬ್ದ. ಸಿಗಲಿ ಬಿಡಿ! ಆ ಹೊತ್ತಿಗೆ ಹುಲಿಯೇ ವ್ಯಾನು ಹತ್ತಿ ಬಂದಿದ್ದರೂ ಅದಕ್ಕೂ ಎಲೆ ಹಾಕಿ ಬಡಿಸುತ್ತಿದ್ದೆ.

ಹೋಟೆಲಿಗೆ ಮರಳಿದ ಮೇಲೆ ಗಿರಾಕಿಗಳೆಲ್ಲ ಹುಲಿ ಕಂಡಿರಾ ಎಂದು ಕೇಳಿದರು. “ಕಾಣಲಿಲ್ಲ, ಕೇಳಿಸಿತು” ಎಂದೆ. ಗರ್ಜನೆ ಎಂದುಕೊಂಡು ಸುಬೇದಾರರು ತಲೆದೂಗಿದರು.

ಮೊನ್ನೆ ಮಗನ ಕಾಗದ ಬಂತು. ಶುಭಾ ಈಗ ಊಟಕ್ಕೆ ಕೂತು, “ಹುಲಿ ಹಾಕು” ಎನ್ನುತ್ತಾಳಂತೆ. “ನೀವೇ ಕಲಿಸಿದ್ದು, ನೀವೇ ತಿದ್ದಿ” ಎಂದು ಬರೆದಿದ್ದಾನೆ. ಯಾರು, ನಾನೇ? ಈಗ ಆ ಅಕ್ಷರ ಹೇಳುತ್ತೇನೆ. ಮೂರನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ನಾನು ಬರೆದದ್ದು ‘ಕಾಡಿನಲ್ಲಿ ಹುಳಿ ಇದೆ’ ಎಂದು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ, “ಅನ್ನ ಎಲ್ಲಿತ್ತಾ?” ಎಂದರು. ಇಡೀ ಕ್ಲಾಸು ನಕ್ಕಿತು. ನಾನು ಮರುದಿನದಿಂದ ಹೋಗಲಿಲ್ಲ.

ಆ ಮೇಷ್ಟ್ರು ಈಗ ಸಿಕ್ಕಿದರೆ ಒಂದು ಮಾತು ಹೇಳಬೇಕಿತ್ತು. ಸ್ವಾಮಿ, ನಾನು ಬರೆದದ್ದು ಸರಿಯಾಗಿಯೇ ಇತ್ತು. ಕಾಡಿನಲ್ಲಿ ಹುಳಿ ಇತ್ತು, ತಳದ ಡಬ್ಬಿಯಲ್ಲಿ. ಅನ್ನ ಅದರ ಮೇಲಿನದರಲ್ಲಿ.